ಹಿಟ್ಟಿನ ಕೋಳಿಯ ಕೂಗು: ‘ಯಶೋಧರ ಚರಿತೆ’ಯಲ್ಲಿ ತಿರ್ಯಂಚ ಜೀವಗಳು

ಪ್ರಾಣಿಗಳನ್ನು ನೋಡಿ ಮನುಷ್ಯನು ನೀತಿ ಕಲಿಯಬೇಕೆಂಬುದು ನಮ್ಮ ಸಾಹಿತ್ಯದ ಬಹು ಹಳೆಯ ಮಾತು. ಇರುವೆ ದುಡಿಮೆಯನ್ನೂ ನಾಯಿ ಸ್ವಾಮಿನಿಷ್ಠೆಯನ್ನೂ ಕಲಿಸುತ್ತವೆಂದು ಮನೆಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ. ದುರ್ಗಸಿಂಹನು 11ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ಸಿಂಹ, ಎತ್ತು, ನರಿಗಳು ರಾಜನೀತಿಯನ್ನೇ ಮಾತನಾಡುತ್ತವೆ. ಅವು ಪ್ರಾಣಿಗಳ ವೇಷ ತೊಟ್ಟ ಮನುಷ್ಯರು. ಕಥೆ ಮುಗಿದು ನೀತಿ ದೊರೆತ ಮೇಲೆ ಓದುಗನಿಗೆ ಆ ಎತ್ತಿನ ನೆನಪು ಬೇಕಾಗುವುದಿಲ್ಲ.

ಜೈನ ಕಾವ್ಯಗಳ ದೃಷ್ಟಿ ಬೇರೆ. ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಒಂದನ್ನು ತಿರ್ಯಂಚ ಜೀವಗಳಿಗಾಗಿ ಮೀಸಲಿಟ್ಟ ಪರಂಪರೆ ಇದು. ಇಲ್ಲಿ ಪ್ರಾಣಿಯು ಉಪದೇಶದ ಉಪಕರಣವಾಗದೆ ಉಪದೇಶವನ್ನು ಕೇಳುವ ಭವ್ಯ ಜೀವವಾಗಿದೆ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಪಾರ್ಶ್ವನಾಥ ಸ್ವಾಮಿಯ ಜೀವವು ಪೂರ್ವಭವವೊಂದರಲ್ಲಿ ವಜ್ರಘೋಷನೆಂಬ ಆನೆಯಾಗಿ ಮುನಿಯಿಂದ ಶ್ರಾವಕವ್ರತಗಳನ್ನು ಸ್ವೀಕರಿಸುತ್ತದೆ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚವು ಐದನೆಯ ಗುಣಸ್ಥಾನದವರೆಗೆ ಏರಬಲ್ಲದೆಂಬ ಸಿದ್ಧಾಂತಕ್ಕೆ ಈ ಕಥೆ ಉದಾಹರಣೆ.

ಈ ದೃಷ್ಟಿಯನ್ನು ಕನ್ನಡದಲ್ಲಿ ಅತ್ಯಂತ ತೀಕ್ಷ್ಣವಾಗಿ ಕಾವ್ಯಕ್ಕಿಳಿಸಿದವನು ಜನ್ನ. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದು ಪಡೆದ ಈತನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು. ಸೋಮದೇವಸೂರಿಯ ‘ಯಶಸ್ತಿಲಕ’ವೂ ವಾದಿರಾಜನ ಸಂಸ್ಕೃತ ಕಾವ್ಯವೂ ಅವನಿಗಿಂತ ಮೊದಲೇ ಈ ಕಥೆಯನ್ನು ಹೇಳಿದ್ದವು. ಆದರೂ ಕಂದಪದ್ಯಗಳ ಬಿಗಿಯಾದ ಕಟ್ಟಿನಲ್ಲಿ ಅದು ಪಡೆದ ತೀವ್ರತೆ ಜನ್ನನದೇ.

ಆಧುನಿಕ ವಿಮರ್ಶೆಯು ಈ ಕಾವ್ಯದಲ್ಲಿ ಹೆಚ್ಚಾಗಿ ಗಮನಿಸಿರುವುದು ರಾಣಿ ಅಮೃತಮತಿಯನ್ನೂ ಕುರೂಪಿ ಮಾವುತನಾದ ಅಷ್ಟಾವಂಕನನ್ನೂ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕವೂ ರಾಜ, ರಾಣಿ, ತಾಯಿ, ಮಾವುತ ಈ ನಾಲ್ವರ ಸುತ್ತ ಕಟ್ಟಿಕೊಂಡಿದೆ. ನಾಟಕಕ್ಕೆ ಅಷ್ಟು ಸಾಕು. ಜನ್ನನ ಕಾವ್ಯಕ್ಕೆ ಮಾತ್ರ ಅದು ಅರ್ಧ ಭಾಗ. ಉಳಿದರ್ಧವು ಪ್ರಾಣಿಜನ್ಮಗಳ ಕಥೆ. ಅದನ್ನು ಬಿಟ್ಟರೆ ಕಾವ್ಯದ ಧರ್ಮವೇ ಬಿಟ್ಟುಹೋಗುತ್ತದೆ.

ಕಥಾಸೂತ್ರವು ಸಮಾಜಬಾಂಧವರಿಗೆ ಪರಿಚಿತವೇ. ರಾಣಿಯ ದ್ರೋಹವನ್ನು ಕಣ್ಣಾರೆ ಕಂಡ ಯಶೋಧರನು ಅದನ್ನು ಕೆಟ್ಟ ಕನಸೆಂಬ ನೆಪದಲ್ಲಿ ತಾಯಿ ಚಂದ್ರಮತಿಗೆ ಹೇಳುತ್ತಾನೆ. ದೋಷಶಾಂತಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಒತ್ತಾಯಿಸುತ್ತಾಳೆ. ಮಗನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿ ಕೊಡುವುದೆಂಬ ರಾಜಿಯಾಗುತ್ತದೆ. ಬಣ್ಣ ಬಳಿದ ಆ ಕೋಳಿಯ ಚೆಲುವಿಗೆ ಮರುಳಾದ ಬೆಂತರವೊಂದು ಅದನ್ನು ಹೊಕ್ಕಿರುತ್ತದೆ. ಕತ್ತಿ ಬಿದ್ದೊಡನೆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಕೂಗನ್ನು ಕೇಳಿದ ರಾಜನಿಗೆ ತಾನು ಮಾಡಿದ್ದೇನೆಂಬುದು ಅರಿವಾಗುತ್ತದೆ.

ಜೀವವಿಲ್ಲದ ಹಿಟ್ಟನ್ನು ಕಡಿದರೆ ಪಾಪವೆಲ್ಲಿಯದು ಎಂದು ಕೇಳುವವರಿದ್ದಾರೆ. ವ್ಯಾಪಾರದಲ್ಲಿ ತೊಡಗಿದವರಿಗೆ ಇದರ ಉತ್ತರ ಕಷ್ಟವಾಗಲಾರದು. ಸರಕು ಅಂಗಡಿಯಿಂದ ಕದಲದಿದ್ದರೂ ಸುಳ್ಳು ಬಿಲ್ಲು ಬರೆದವನು ಅಪ್ರಾಮಾಣಿಕನೇ. ಅವನು ಬರೆದ ಗಳಿಗೆಯಲ್ಲೇ ಮೋಸ ನಡೆದುಹೋಗಿದೆ. ಹಾಗೆಯೇ ಕೊಲ್ಲುವೆನೆಂಬ ಸಂಕಲ್ಪದಿಂದ ಕತ್ತಿ ಎತ್ತಿದವನಿಗೆ ಮುಂದಿರುವುದು ಹಿಟ್ಟೋ ಮಾಂಸವೋ ಎಂಬ ಭೇದವು ರಕ್ಷಣೆಯಾಗದು. ಭಾವಹಿಂಸೆಯೇ ಹಿಂಸೆಯ ಮೂಲವೆಂಬ ಶಾಸ್ತ್ರವಾಕ್ಯವನ್ನು ಜನ್ನನು ಒಂದು ಕೋಳಿಯ ಕೂಗಿನಲ್ಲಿ ಕೇಳಿಸಿದ್ದಾನೆ.

ಅನಂತರ ರಾಣಿಯಿಂದ ವಿಷಪ್ರಾಶನವಾಗಿ ಸತ್ತ ಮಗನೂ ತಾಯಿಯೂ ನವಿಲು ಮತ್ತು ನಾಯಿ, ಮುಳ್ಳುಹಂದಿ ಮತ್ತು ಹಾವು, ಮೀನು ಮತ್ತು ಮೊಸಳೆಯಾಗಿ ಹುಟ್ಟಿ, ಮುಂದೆ ಆಡು, ಕೋಣಗಳ ಜನ್ಮವನ್ನೂ ದಾಟಿ, ಕೊನೆಗೆ ಕೋಳಿಗಳ ಜೋಡಿಯಾಗುತ್ತಾರೆ. ಅರಮನೆಯ ನವಿಲಾದ ಯಶೋಧರನಿಗೆ ಅಮೃತಮತಿಯನ್ನು ಜಾರನೊಡನೆ ಕಂಡಾಗ ಪೂರ್ವಸ್ಮರಣೆ ಬರುತ್ತದೆ. ಸಿಟ್ಟಿನಿಂದ ಎರಗಿದ ಆ ನವಿಲು ಪೆಟ್ಟು ತಿಂದು ಬಿದ್ದಾಗ ಅದನ್ನು ಕೊಲ್ಲುವ ನಾಯಿ ಅದರ ತಾಯಿಯ ಜೀವವೇ. ಮೀನಿನ ಜನ್ಮದ ಪ್ರಸಂಗವು ಇನ್ನೂ ದಾರುಣ. ತಂದೆಗೆ ಸದ್ಗತಿಯಾಗಲೆಂದು ಮಗ ಯಶೋಮತಿ ಶ್ರಾದ್ಧ ಮಾಡಿಸುತ್ತಾನೆ; ಆ ಶ್ರಾದ್ಧದ ಅಡುಗೆಗೆ ಸಿಕ್ಕಿದ ಮೀನು ತಂದೆಯೇ ಆಗಿದೆ.

ಕಾವ್ಯದ ಒಂದು ಕೊರತೆಯನ್ನೂ ಇಲ್ಲಿ ಹೇಳಬೇಕಾಗುತ್ತದೆ. ಜನ್ನನ ಸಂಕ್ಷಿಪ್ತತೆ ಅಮೃತಮತಿಯ ಪ್ರಸಂಗದಲ್ಲಿ ಗುಣವಾದಂತೆ ಪ್ರಾಣಿಜನ್ಮಗಳಲ್ಲಿ ಆಗಿಲ್ಲ. ನವಿಲಿಗೆ ದೊರೆತ ಅವಧಾನ ಕೋಣಕ್ಕೆ ದೊರೆತಿಲ್ಲ. ಜನ್ಮಗಳು ಲೆಕ್ಕದ ಪುಸ್ತಕದ ಸಾಲುಗಳಂತೆ ಒಂದರ ಮೇಲೊಂದು ಬಂದು ಹೋಗುತ್ತವೆ. ಹೀಗಾಗಿ ಅವಸರದ ಓದುಗನು ಪ್ರಾಣಿಜನ್ಮವೆಂದರೆ ಶಿಕ್ಷೆ, ಆ ಶಿಕ್ಷೆಯನ್ನು ಅದು ಅನುಭವಿಸಲೇಬೇಕು ಎಂಬ ತೀರ್ಮಾನಕ್ಕೆ ಬರುವ ಅಪಾಯವಿದೆ. ಗಾಯಗೊಂಡು ಬೀದಿಯಲ್ಲಿ ಬಿದ್ದ ಹಸುವನ್ನು ಕಂಡು ‘ಅದರ ಕರ್ಮ ಅದು ಉಣ್ಣುತ್ತಿದೆ’ ಎಂದು ದಾಟಿಹೋಗುವ ಮಾತು ಧರ್ಮಶ್ರದ್ಧೆಯುಳ್ಳ ಮನೆಗಳಲ್ಲಿಯೂ ಕೇಳಿಬರುತ್ತದೆ. ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ.

ಸಾವಧಾನವಾಗಿ ಓದಿದರೆ ಕಾವ್ಯವೇ ಈ ಮಾತನ್ನು ಖಂಡಿಸುವುದು ಕಾಣುತ್ತದೆ. ಮೀನಿಗೆ ಬಂದ ಮರಣವು ಅದರ ಕರ್ಮದ ಉದಯವೆಂಬುದು ನಿಜ. ಅಷ್ಟರಿಂದ ಯಶೋಮತಿಯ ಹಿಂಸೆ ನಿರ್ದೋಷವಾಗಲಿಲ್ಲ. ಸಾಯುವ ಜೀವದ ಹಳೆಯ ಸಾಲ ತೀರಿದ ಕ್ಷಣದಲ್ಲಿಯೇ ಕೊಲ್ಲುವ ಜೀವದ ಹೊಸ ಸಾಲ ಆರಂಭವಾಗುತ್ತದೆ. ಒಬ್ಬರ ಖಾತೆಯ ಜಮೆ ಇನ್ನೊಬ್ಬರ ಖರ್ಚನ್ನು ಅಳಿಸುವುದಿಲ್ಲ. ತಾನು ಯಾರನ್ನು ಕೊಲ್ಲುತ್ತಿದ್ದೇನೆಂಬುದು ಯಶೋಮತಿಗೆ ತಿಳಿಯದು. ಕಣ್ಣೆದುರಿನ ಪ್ರಾಣಿ ಯಾರ ಜೀವವೆಂಬುದು ಯಾರಿಗೂ ತಿಳಿಯದು. ಆದ್ದರಿಂದಲೇ ಎಲ್ಲ ಜೀವಗಳಲ್ಲಿಯೂ ದಯೆಯಿರಬೇಕು.

ಇದಕ್ಕೆ ಕಿರೀಟಪ್ರಾಯವಾದುದು ಕೋಳಿಗಳ ಪ್ರಸಂಗ. ಮುನಿಯ ಧರ್ಮೋಪದೇಶವನ್ನು ಪಂಜರದಲ್ಲಿದ್ದೇ ಕೇಳಿದ ಆ ಎರಡು ಕೋಳಿಗಳು ಪೂರ್ವಭವಗಳನ್ನು ನೆನೆದು, ವ್ರತ ವಹಿಸಿ, ಸಂತೋಷದಿಂದ ಕೂಗುತ್ತವೆ. ಆ ಸದ್ದನ್ನು ಕೇಳಿದ ಯಶೋಮತಿ ತನ್ನ ಶಬ್ದವೇಧಿ ಕೌಶಲವನ್ನು ತೋರಲು ಬಾಣ ಬಿಟ್ಟು ಅವನ್ನು ಕೊಲ್ಲುತ್ತಾನೆ. ಹಿಟ್ಟಿನ ಕೋಳಿಯ ಕೂಗಿನಿಂದ ಆರಂಭವಾದ ಭವಮಾಲೆಯು ನಿಜವಾದ ಕೋಳಿಗಳ ಕೂಗಿನಿಂದ ಮುಗಿಯುತ್ತದೆ. ಮೊದಲನೆಯದು ಅರಸನ ಪಾಪವನ್ನು ಸಾರಿತು. ಎರಡನೆಯದು ಎರಡು ಜೀವಗಳ ಬಿಡುಗಡೆಯನ್ನು ಸಾರಿತು. ಸತ್ತ ಆ ಕೋಳಿಗಳೇ ಕೊಂದವನ ಮಕ್ಕಳಾದ ಅಭಯರುಚಿ ಮತ್ತು ಅಭಯಮತಿಯಾಗಿ ಹುಟ್ಟಿ, ಬಲಿಗೆಂದು ತಮ್ಮನ್ನು ಹಿಡಿದು ತರಿಸಿದ ಮಾರಿದತ್ತನಿಗೆ ಈ ಕಥೆಯನ್ನು ಹೇಳಿ ಅವನ ಮನಸ್ಸನ್ನು ತಿರುಗಿಸುತ್ತಾರೆ.

ಇಂದಿಗೂ ಈ ಕಾವ್ಯದ ಪ್ರಯೋಜನ ಕಡಿಮೆಯಾಗಿಲ್ಲ. ಕರ್ನಾಟಕದಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾಯ್ದೆ 1959ರಷ್ಟು ಹಿಂದೆಯೇ ಬಂದಿದೆ. ಕಾಯ್ದೆಯು ಕತ್ತಿಯನ್ನು ಹಿಡಿದು ನಿಲ್ಲಿಸಬಲ್ಲದು. ಸಂಕಲ್ಪವನ್ನು ತಿದ್ದುವ ಕೆಲಸ ಮನೆಯದು, ಬಸದಿಯದು. ಪ್ರಾಣಿಯ ಆಕಾರದ ತಿಂಡಿಯನ್ನು ತಿನ್ನಬಾರದೆಂಬ ನಿಯಮ ಅನೇಕ ಜೈನ ಮನೆಗಳಲ್ಲಿದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನಲ್ಲಿ ಕೋಳಿ ಬಂದರೆ ಮಗುವಿನ ಕೈಯಿಂದ ಅದನ್ನು ತೆಗೆದಿಡುತ್ತಾರೆ. ಏಕೆಂದು ಮಗು ಕೇಳಿದರೆ ‘ನಮ್ಮಲ್ಲಿ ಪದ್ಧತಿಯಿಲ್ಲ’ ಎನ್ನುವುದಕ್ಕಿಂತ ಹಿಟ್ಟಿನ ಕೋಳಿಯ ಕಥೆಯನ್ನು ಹೇಳುವುದು ಲೇಸು.

ಬಸದಿಗಳ ಆಡಳಿತ ಮಂಡಳಿಗಳು ಈ ಕಥೆಯನ್ನು ಗೋಡೆಯ ಮೇಲೆ ಬರೆಸುವಾಗ, ಪಾಠಶಾಲೆಗಳಲ್ಲಿ ಬೋಧಿಸುವಾಗ, ಜನ್ಮಜನ್ಮಗಳ ಯಾತನೆಯನ್ನಷ್ಟೇ ತೋರಿಸಿ ನಿಲ್ಲಿಸಬಾರದು. ಮುನಿಯ ಮಾತಿಗೆ ಕಿವಿಗೊಟ್ಟು ಕುಳಿತ ಎರಡು ಕೋಳಿಗಳ ಚಿತ್ರವೂ ಅಲ್ಲಿರಬೇಕು. ಯಾತನೆಯನ್ನು ನೋಡಿದ ಮಗು ಪಾಪಕ್ಕೆ ಹೆದರುವುದನ್ನು ಕಲಿಯುತ್ತದೆ. ಧರ್ಮ ಕೇಳುವ ಕೋಳಿಗಳನ್ನು ನೋಡಿದ ಮಗು ತನ್ನೆದುರಿನ ಪ್ರಾಣಿಯನ್ನು ಸಹಜೀವಿಯೆಂದು ಗೌರವಿಸುವುದನ್ನು ಕಲಿಯುತ್ತದೆ. ಅಹಿಂಸೆಗೆ ಭಯಕ್ಕಿಂತ ಈ ಗೌರವವೇ ಭದ್ರವಾದ ತಳಹದಿ.