ದಾಖಲೀಕರಣದಲ್ಲಿ ಒಳಚಿತ್ರ: ಮದ್ದಲೆಗಾರನ ಬೆರಳುಗಳ ಪ್ರಶ್ನೆ

ಯಕ್ಷಗಾನದ ವೀಡಿಯೊ ದಾಖಲೀಕರಣದಲ್ಲಿ ರಂಗದ ಇಡೀ ನೋಟವನ್ನಿರಿಸಿ, ಅದರ ಮೂಲೆಯಲ್ಲಿ ಹಿಮ್ಮೇಳದ ಪುಟ್ಟ ಚಿತ್ರವನ್ನು ಕೂಡಿಸುವ ಕ್ರಮವುಂಟು. ವೇಷಧಾರಿಯ ಹೆಜ್ಜೆಗೂ ಮದ್ದಲೆಯ ನುಡಿಗೂ ಇರುವ ಸಂಬಂಧವನ್ನು ಏಕಕಾಲದಲ್ಲಿ ತೋರಿಸುವುದು ಇದರ ಉದ್ದೇಶ. ಬೆರಳುಗಳೇ ಸ್ಪಷ್ಟವಾಗದಿದ್ದರೆ ಆ ಒಳಚಿತ್ರ ಅಲಂಕಾರವಾಗಬಹುದೇ ಹೊರತು ಸಂಶೋಧನೆಗೆ ಆಕರವಾಗಲಾರದು.

ದೋಷದ ಮೂಲವಿರುವುದು ಅಳತೆಯಲ್ಲಿ. ಪಾಲ್ ಪದ್ಧತಿಯ ಡಿಜಿಟಲ್ ಚಿತ್ರದಲ್ಲಿ 720×576 ಬಿಂದುಗಳಿರುತ್ತವೆ. ಉದ್ದಗಲಗಳನ್ನು ಕಾಲುಭಾಗಕ್ಕೆ ಇಳಿಸಿದಾಗ ಉಳಿಯುವುದು 180×144, ಅಂದರೆ ಮೂಲದ ಹದಿನಾರನೆಯ ಒಂದು ಭಾಗ. ನಷ್ಟ ಅನಿವಾರ್ಯ, ಯಾವುದನ್ನು ಬಿಡಬೇಕೆಂಬುದು ಮಾತ್ರ ಸಂಕಲನಕಾರನ ವಿವೇಚನೆಗೆ ಸೇರಿದ್ದು. ಕಲಾವಿದನ ಪೂರ್ಣಾಕೃತಿಯನ್ನು ಕುಗ್ಗಿಸುವ ಬದಲು ಕೈಗಳ ಸುತ್ತಲಿನ 360×288 ಭಾಗವನ್ನಷ್ಟೇ ಆಯ್ದು ಅದೇ ಅಳತೆಗೆ ಇಳಿಸಿದರೆ ಬೆರಳುಗಳು ಇಮ್ಮಡಿ ಗಾತ್ರದಲ್ಲಿ ಕಾಣುತ್ತವೆ.

ಇಂಥ ಚಿತ್ರದ ಬೆಸ ಮತ್ತು ಸಮ ಸಾಲುಗಳು ಸೆಕೆಂಡಿನ ಐವತ್ತನೆಯ ಒಂದು ಭಾಗದ ಅಂತರದಲ್ಲಿ ದಾಖಲಾಗಿರುತ್ತವೆ. ಅವುಗಳನ್ನು ಬೇರ್ಪಡಿಸದೆ ಕುಗ್ಗಿಸಿದರೆ ವೇಗದ ಕೈಚಲನೆ ಎರಡು ನೆರಳುಗಳಾಗಿ ಒಡೆಯುತ್ತದೆ. ಅತಿಸೂಕ್ಷ್ಮ ವಿವರಗಳನ್ನು ಮೊದಲೇ ಮೃದುಗೊಳಿಸದಿದ್ದರೆ ಮದ್ದಲೆಯ ಬಾರುಗಳು ಮಿನುಗತೊಡಗುತ್ತವೆ. ಕುಗ್ಗಿಸುವ ಕಾರ್ಯ ಮೂಲ ಟೇಪಿನಿಂದ ನೇರವಾಗಿ, ಒಂದೇ ಸಲ ನಡೆಯಬೇಕು. ಕುಗ್ಗಿಸಿದ ಪ್ರತಿಯನ್ನು ಮತ್ತೆ ಹಿಗ್ಗಿಸಿದರೆ ಕಳೆದ ವಿವರ ಮರಳುವುದಿಲ್ಲ.

ಹಿಮ್ಮೇಳದ ಮೂಲ ಟೇಪು ಉಳಿದಿದ್ದರೆ ಇಂದಿನ 1920×1080 ಚೌಕಟ್ಟಿನಲ್ಲಿ ಅದನ್ನು ಪುನಃ ಸಂಕಲಿಸಬಹುದು. ಕಾಲುಭಾಗದ ಒಳಚಿತ್ರಕ್ಕೆ 144ರ ಬದಲು 270 ಸಾಲುಗಳು ದೊರೆಯುತ್ತವೆ. ಸಂಕಲಿತ ಪ್ರತಿಯೊಂದೇ ಉಳಿದಿದ್ದರೆ ಈ ಅವಕಾಶವಿಲ್ಲ. ಸಂಕಲಿತ ಪ್ರತಿ ಒಂದು ವ್ಯಾಖ್ಯಾನ. ಆಕರವೆನಿಸುವುದು ಮೂಲ ಚಿತ್ರಿಕೆ. ಗ್ರಂಥಾಲಯಗಳು ಎರಡನ್ನೂ ಪ್ರತ್ಯೇಕವಾಗಿ ಸಂರಕ್ಷಿಸುವುದು ಅಗತ್ಯ.