ಬೆಸ್ ಆಫ್ ಹಾರ್ಡ್‌ವಿಕ್: ನಾಲ್ಕು ಮದುವೆ, ಒಂದು ಮನೆತನ

ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಹಾರ್ಡ್‌ವಿಕ್‌ನಲ್ಲಿ 1527ರ ಸುಮಾರಿಗೆ ಹುಟ್ಟಿದ ಎಲಿಜಬೆತ್ ಹಾರ್ಡ್‌ವಿಕ್, ಚರಿತ್ರೆಯಲ್ಲಿ ಬೆಸ್ ಆಫ್ ಹಾರ್ಡ್‌ವಿಕ್ ಎಂದೇ ಹೆಸರಾದವಳು. ನಾಲ್ಕು ಸಲ ಮದುವೆಯಾಗಿ ನಾಲ್ಕು ಸಲವೂ ವಿಧವೆಯಾದಳು. ಸಣ್ಣ ಜಮೀನ್ದಾರನ ಮಗಳಾಗಿ ಹುಟ್ಟಿ ಶ್ರೂಸ್‌ಬರಿಯ ಕೌಂಟೆಸ್ ಆಗಿ 1608ರಲ್ಲಿ ಸಾಯುವ ಹೊತ್ತಿಗೆ ದೇಶದ ಅತ್ಯಂತ ಸಿರಿವಂತ ಹೆಂಗಸರಲ್ಲಿ ಒಬ್ಬಳಾಗಿದ್ದಳು. ಗಂಡಂದಿರ ಆಸ್ತಿ ನುಂಗಿ ಬೆಳೆದ ದುರಾಸೆಯ, ಗಯ್ಯಾಳಿ ಹೆಂಗಸು ಎಂಬ ಅಪಖ್ಯಾತಿ ಶತಮಾನಗಳ ಕಾಲ ಆಕೆಗೆ ಅಂಟಿಕೊಂಡಿತ್ತು. ಮದುವೆಗಳನ್ನು ಒಂದೊಂದಾಗಿ, ಅವುಗಳ ಹಿಂದಿದ್ದ ಕಾನೂನಿನ ಜೊತೆಗಿಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಆಕೆಯ ಮೇಲೆ ಹೊರಿಸಬೇಕಾದ ತಪ್ಪು ಬೇರೆಯೇ ಇದೆ. ಅದು ಗಂಡಂದಿರ ವಿಷಯದ್ದಲ್ಲ, ಮೊಮ್ಮಗಳ ವಿಷಯದ್ದು.

ಬೆಸ್‌ಳ ತಂದೆ ಜಾನ್ ಹಾರ್ಡ್‌ವಿಕ್ ತೀರಿಕೊಂಡಾಗ ಆಕೆ ಇನ್ನೂ ಕೈಗೂಸು. ವಾರಸುದಾರ ಮಗ ಜೇಮ್ಸ್ ಕೂಡ ಚಿಕ್ಕವನು. ಅಂದಿನ ಊಳಿಗಮಾನ್ಯ ಪದ್ಧತಿಯಲ್ಲಿ, ಸೈನಿಕ ಸೇವೆಯ ಷರತ್ತಿನ ಮೇಲೆ ಜಮೀನು ಹಿಡಿದವನು ಅಪ್ರಾಪ್ತ ವಾರಸುದಾರನನ್ನು ಬಿಟ್ಟು ಸತ್ತರೆ ಆ ಜಮೀನಿನ ಉತ್ಪನ್ನವೂ ಆ ಹುಡುಗನ ಮದುವೆ ಮಾಡುವ ಹಕ್ಕೂ ಅರಸನಿಗೆ ಸೇರುತ್ತಿದ್ದವು. ಅರಸ ಆ ಹಕ್ಕನ್ನು ಹಣಕ್ಕೆ ಮಾರುತ್ತಿದ್ದ. ಕೊಂಡವನು ಹುಡುಗ ಪ್ರಾಪ್ತ ವಯಸ್ಸಿಗೆ ಬರುವವರೆಗೆ ಜಮೀನಿನಿಂದ ಹಿಂಡುವಷ್ಟು ಹಿಂಡಿಕೊಳ್ಳುತ್ತಿದ್ದ. ಇದನ್ನು ನಡೆಸಲೆಂದೇ 1540ರಲ್ಲಿ ಕೋರ್ಟ್ ಆಫ್ ವಾರ್ಡ್ಸ್ ಎಂಬ ನ್ಯಾಯಾಲಯ ಬಂತು. ಮುಂದೆ ಬ್ರಿಟಿಷರು ಭಾರತದಲ್ಲಿ ಅಪ್ರಾಪ್ತ ಜಮೀನ್ದಾರರ ಆಸ್ತಿ ನೋಡಿಕೊಳ್ಳಲು ಇದೇ ಹೆಸರನ್ನು ಬಳಸಿದರು. ಹಾರ್ಡ್‌ವಿಕ್ ಕುಟುಂಬದ ಜಮೀನೂ ಹೀಗೆ ಕೈತಪ್ಪಿತು. ತಾಯಿ ಮರುಮದುವೆಯಾದಳು, ಎರಡನೆಯ ಗಂಡ ರಾಲ್ಫ್ ಲೀಚ್ ಸಾಲಕ್ಕೆ ಸಿಕ್ಕಿ ಜೈಲು ಸೇರಿದ. ತಂದೆ ಸತ್ತ ಮನೆಯನ್ನು ಕಾಯಿದೆ ಹೇಗೆ ಬರಿದು ಮಾಡುತ್ತದೆ ಎಂಬುದನ್ನು ಬೆಸ್ ಹುಟ್ಟಿದ ಮನೆಯಲ್ಲೇ ಕಂಡವಳು.

ಮೊದಲ ಮದುವೆ 1543ರ ಸುಮಾರಿಗೆ, ನೆರೆಯ ಬಾರ್ಲಿ ಮನೆತನದ ರಾಬರ್ಟ್ ಜೊತೆ. ಇಬ್ಬರೂ ಹದಿಹರೆಯದವರು, ಹುಡುಗ ಹುಡುಗಿಗಿಂತ ಚಿಕ್ಕವನು. ಅವನ ತಂದೆ ಸಾಯುವ ಸ್ಥಿತಿಯಲ್ಲಿದ್ದುದರಿಂದ ಮದುವೆಯನ್ನು ಅವಸರದಲ್ಲಿ ಮುಗಿಸಲಾಯಿತು. ತಂದೆ ಸತ್ತ ಮೇಲಾದರೆ ಹುಡುಗನ ಮದುವೆಯ ಹಕ್ಕು ಪರರ ಪಾಲಾಗುತ್ತಿತ್ತು. 1544ರ ಡಿಸೆಂಬರಿನಲ್ಲಿ ರಾಬರ್ಟ್ ತೀರಿಕೊಂಡ. ಗಂಡನ ಜಮೀನಿನ ಆದಾಯದಲ್ಲಿ ಮೂರನೆಯ ಒಂದು ಪಾಲು ವಿಧವೆಗೆ ಜೀವನಪರ್ಯಂತ ಸಲ್ಲಬೇಕೆಂಬುದು ಕಾನೂನು. ಆದರೆ ಹೊಸ ವಾರಸುದಾರನೂ ಅಪ್ರಾಪ್ತನೇ. ಅವನ ಪಾಲನಾಧಿಕಾರ ಪಡೆದಿದ್ದ ಸರ್ ಪೀಟರ್ ಫ್ರೆಚ್‌ವಿಲ್ ಆ ಪಾಲನ್ನು ಕೊಡಲು ಒಪ್ಪಲಿಲ್ಲ. ಇಪ್ಪತ್ತು ದಾಟದ ಹುಡುಗಿ ದಾವೆ ಹೂಡಿ ತನ್ನ ಪಾಲನ್ನು ಪಡೆದುಕೊಂಡಳು. ಮೊತ್ತ ದೊಡ್ಡದೇನಲ್ಲ. ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು, ಬೆನ್ನು ಹತ್ತಿ ವಸೂಲು ಮಾಡಬೇಕು ಎಂಬ ಪಾಠ ಆಕೆಗೆ ಇಲ್ಲಿ ಸಿಕ್ಕಿತು. ಮೊದಲ ಗಂಡನ ಸಾವಿನಿಂದ ಬೆಸ್ ಶ್ರೀಮಂತಳಾದಳು ಎನ್ನುವವರು ಈ ದಾವೆಯನ್ನು ಗಮನಿಸಿಯೇ ಇಲ್ಲ.

ಲೆಸ್ಟರ್‌ಶೈರ್‌ನ ಬ್ರಾಡ್‌ಗೇಟ್‌ನಲ್ಲಿದ್ದ ಗ್ರೇ ಮನೆತನದ ಅರಮನೆಯಲ್ಲಿ ಬೆಸ್ ಸಖಿಯಾಗಿದ್ದಾಗ ಎರಡನೆಯ ಸಂಬಂಧ ಕೂಡಿಬಂತು. ಎಂಟನೆಯ ಹೆನ್ರಿಯ ಕಾಲದಲ್ಲಿ ಮಠಗಳ ವಿಸರ್ಜನೆಯ ಕೆಲಸ ನಡೆಸಿ ಮೇಲೆ ಬಂದು, ಅರಸನ ಖಾಸಗಿ ಖಜಾನೆಯ ಅಧಿಕಾರಿಯಾಗಿದ್ದ ಸರ್ ವಿಲಿಯಂ ಕ್ಯಾವೆಂಡಿಷ್ ವರ. ಆಕೆಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವನು, ಎರಡು ಬಾರಿ ಹೆಂಡತಿಯನ್ನು ಕಳೆದುಕೊಂಡವನು, ಹೆಣ್ಣುಮಕ್ಕಳ ತಂದೆ. 1547ರ ಆಗಸ್ಟ್ 20ರಂದು, ನಡುರಾತ್ರಿ ಕಳೆದು ಎರಡು ಗಂಟೆಗೆ ಬ್ರಾಡ್‌ಗೇಟ್‌ನಲ್ಲಿ ಮದುವೆಯಾಯಿತೆಂದು ಅವನೇ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಅದೇ ಪುಸ್ತಕದಲ್ಲಿ ಮಕ್ಕಳ ಹುಟ್ಟು, ಗಳಿಗೆ, ಅವರ ಧರ್ಮಪಿತರ ಮತ್ತು ಧರ್ಮಮಾತೆಯರ ಹೆಸರು ಎಲ್ಲವೂ ಸಾಲಾಗಿವೆ. ಹಿರಿಯ ಮಗ ಹೆನ್ರಿಯ ಧರ್ಮಮಾತೆ, ಮುಂದೆ ರಾಣಿಯಾಗಲಿದ್ದ ರಾಜಕುಮಾರಿ ಎಲಿಜಬೆತ್. ಮಗುವಿನ ನಾಮಕರಣವೂ ಈ ದಂಪತಿಗೆ ಆಸ್ಥಾನದ ನಂಟು ಬೆಳೆಸುವ ಅವಕಾಶವಾಗಿತ್ತು.

ಹತ್ತು ವರ್ಷದ ಈ ದಾಂಪತ್ಯದಲ್ಲಿ ಎಂಟು ಮಕ್ಕಳು ಹುಟ್ಟಿದರು. ಫ್ರಾನ್ಸಿಸ್, ಹೆನ್ರಿ, ವಿಲಿಯಂ, ಚಾರ್ಲ್ಸ್, ಎಲಿಜಬೆತ್, ಮೇರಿ ಎಂಬ ಆರು ಮಂದಿ ಉಳಿದರು. ಮುಂದಿನ ಮೂವತ್ತು ನಲವತ್ತು ವರ್ಷ ಬೆಸ್ ಮಾಡಿದ್ದೆಲ್ಲ ಈ ಆರು ಮಂದಿಗಾಗಿ. ಕ್ಯಾವೆಂಡಿಷ್ ದಕ್ಷಿಣದಲ್ಲಿದ್ದ ತನ್ನ ಆಸ್ತಿ ಬಿಟ್ಟು ಹೆಂಡತಿಯ ಸೀಮೆಗೆ ಬಂದ. 1549ರಲ್ಲಿ 600 ಪೌಂಡ್ ಕೊಟ್ಟು ಚಾಟ್ಸ್‌ವರ್ತ್ ಕೊಂಡ. ಆ ಕ್ರಯಪತ್ರ ಗಂಡಹೆಂಡಿರಿಬ್ಬರ ಹೆಸರಿನಲ್ಲೂ ಆದದ್ದು ಇಲ್ಲಿನ ಮುಖ್ಯ ಸಂಗತಿ. ಒಬ್ಬರು ಸತ್ತರೆ ಆಸ್ತಿ ಬದುಕಿರುವವರಿಗೆ ನೇರವಾಗಿ ಉಳಿಯುವುದರಿಂದ ಅಪ್ರಾಪ್ತ ಮಗನ ಹೆಸರು ನಡುವೆ ಬರುವುದಿಲ್ಲ, ಕೋರ್ಟ್ ಆಫ್ ವಾರ್ಡ್ಸ್‌ಗೆ ಕೈಹಾಕಲು ಎಡೆ ಸಿಗುವುದಿಲ್ಲ. ಹಾರ್ಡ್‌ವಿಕ್ ಮನೆಯನ್ನು ಮುಳುಗಿಸಿದ ಕಾನೂನಿಗೆ ಕೊಟ್ಟ ನೇರ ಉತ್ತರ ಇದು. ಬೆಸ್‌ಳ ಬುದ್ಧಿವಂತಿಕೆಯನ್ನು ಹೆಚ್ಚಿನವರು ಆಕೆ ಕಟ್ಟಿಸಿದ ಮಹಲುಗಳಲ್ಲಿ ಹುಡುಕುತ್ತಾರೆ. ಅದಕ್ಕಿಂತ ಸ್ಪಷ್ಟವಾಗಿ ಅದು ಕಾಣುವುದು ಈ ಕ್ರಯಪತ್ರದಲ್ಲಿ.

1557ರಲ್ಲಿ ಲೆಕ್ಕ ತಪಾಸಣೆ ನಡೆದು ಕ್ಯಾವೆಂಡಿಷ್ ಸರ್ಕಾರಕ್ಕೆ 5,000 ಪೌಂಡಿಗೂ ಹೆಚ್ಚು ಬಾಕಿ ತೆರಬೇಕೆಂದು ತೀರ್ಮಾನವಾಯಿತು. ಅದೇ ಅಕ್ಟೋಬರಿನಲ್ಲಿ ಅವನು ತೀರಿಕೊಂಡ. ಆರು ಮಕ್ಕಳು, ದೊಡ್ಡ ಸಾಲ, ಅರೆಬರೆ ಕಟ್ಟಿದ ಮನೆ ಬೆಸ್‌ಳ ಪಾಲಿಗೆ ಉಳಿದವು. ಚಾಟ್ಸ್‌ವರ್ತ್ ಮಾರಿದ್ದರೆ ಹೊರೆ ಹಗುರಾಗುತ್ತಿತ್ತು. ಆಕೆ ಮಾರಲಿಲ್ಲ.

ಮೂರನೆಯ ಗಂಡ ಸರ್ ವಿಲಿಯಂ ಸೇಂಟ್ ಲೋ, ರಾಣಿ ಎಲಿಜಬೆತ್‌ಳ ಅಂಗರಕ್ಷಕ ದಳದ ಮುಖ್ಯಸ್ಥ. 1559ರಲ್ಲಿ ಮದುವೆ. ಅವನ ಕಾಲದಲ್ಲೇ 1,000 ಪೌಂಡ್ ಕಟ್ಟಿ ಹಳೆಯ ಬಾಕಿಗೆ ರಾಣಿಯಿಂದ ಮಾಫಿ ದೊರೆಯಿತು. ಹಣದಾಸೆಯ ಮದುವೆ ಎನ್ನುವುದಾದರೆ ಇದನ್ನೇ ಎನ್ನಬೇಕು. ಆದರೆ ಉಳಿದುಬಂದಿರುವ ಅವನ ಪತ್ರಗಳು ಹಾಗೆ ಹೇಳಲು ಬಿಡುವುದಿಲ್ಲ. ಆಸ್ಥಾನದ ಕೆಲಸದಿಂದ ಬಿಡುವು ಸಿಗದೆ ಲಂಡನ್ನಿನಲ್ಲೇ ಉಳಿದವನು ಹೆಂಡತಿಯನ್ನು ಆಕೆಯ ಪ್ರೀತಿಯ ಮನೆಯ ಹೆಸರಾದ ಚಾಟ್ಸ್‌ವರ್ತ್ ಎಂಬುದರಿಂದಲೇ ಸಲಿಗೆಯಿಂದ ಕರೆಯುತ್ತಾನೆ. ಅವಳಿಲ್ಲದೆ ಕಳೆಯುವ ದಿನಗಳ ಬೇಸರ ತೋಡಿಕೊಳ್ಳುತ್ತಾನೆ. ಟ್ಯೂಡರ್ ಕಾಲದ ಗಂಡಹೆಂಡಿರ ನಡುವಿನ ಪತ್ರಗಳಲ್ಲಿ ಇಷ್ಟು ಬಿಚ್ಚುಮನಸ್ಸಿನವು ಅಪರೂಪ.

ಈ ದಾಂಪತ್ಯಕ್ಕೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಸಿಂಹಾಸನದ ಹಕ್ಕುದಾರಳಾಗಿದ್ದ ಕ್ಯಾಥರೀನ್ ಗ್ರೇ ರಾಣಿಗೆ ತಿಳಿಸದೆ ಮದುವೆಯಾಗಿ ಬಸುರಿಯಾದ ಗುಟ್ಟನ್ನು ಬೆಸ್‌ಗೆ ಹೇಳಿಕೊಂಡಳು. ಅದನ್ನು ಕೇಳಿದ ತಪ್ಪಿಗೆ 1561ರಲ್ಲಿ ಬೆಸ್ ಲಂಡನ್ ಟವರ್ ಸೆರೆಮನೆ ಕಂಡಳು. ಇತ್ತ ಸೇಂಟ್ ಲೋನ ತಮ್ಮ ಎಡ್ವರ್ಡ್ ಆಸ್ತಿಯ ಆಸೆಗೆ ಅಣ್ಣನಿಗೂ ಅತ್ತಿಗೆಗೂ ವಿಷವಿಕ್ಕಲು ನೋಡಿದನೆಂಬ ಶಂಕೆ ಕುಟುಂಬದಲ್ಲಿ ಹಬ್ಬಿತ್ತು. 1565ರ ಹೊತ್ತಿಗೆ ಸೇಂಟ್ ಲೋ ತೀರಿಕೊಂಡ. ತನ್ನ ಸ್ವಂತ ಹೆಣ್ಣುಮಕ್ಕಳನ್ನೂ ತಮ್ಮನನ್ನೂ ಬಿಟ್ಟು ಇದ್ದದ್ದೆಲ್ಲವನ್ನೂ ಬೆಸ್‌ಗೆ ಬರೆದಿದ್ದ. ತಮ್ಮನ ಮೇಲಿನ ಅನುಮಾನ ಅರ್ಥವಾಗುವಂಥದ್ದು. ಆದರೆ ಆ ಹೆಣ್ಣುಮಕ್ಕಳು ಏನೂ ಮಾಡಿದವರಲ್ಲ. ಈ ಮರಣಶಾಸನದಿಂದ ಅವರಿಗೆ ಅನ್ಯಾಯವಾದದ್ದು ನಿಜ, ಅದರ ಲಾಭ ಉಂಡವಳು ಬೆಸ್ ಎಂಬುದೂ ನಿಜ.

ನಾಲ್ಕನೆಯ ಮದುವೆ ಆಕೆಯನ್ನು ದೇಶದ ಮೊದಲ ಸಾಲಿನ ಕುಲೀನರ ನಡುವೆ ಕೂರಿಸಿತು. ಆರನೆಯ ಶ್ರೂಸ್‌ಬರಿ ಅರ್ಲ್ ಜಾರ್ಜ್ ಟಾಲ್ಬಟ್ ವಿಧುರ. ಭೂಮಿಯಷ್ಟೇ ಅಲ್ಲದೆ ಸೀಸ, ಕಬ್ಬಿಣ, ಕಲ್ಲಿದ್ದಲಿನ ಆದಾಯವೂ ಅವನಿಗಿತ್ತು. ಈ ಸಂಬಂಧದ ಜೊತೆಗೇ ಕೊಟ್ಟು ತಂದುಕೊಳ್ಳುವ ಎರಡು ಮದುವೆಗಳು ಗೊತ್ತಾದವು. 1568ರ ಫೆಬ್ರವರಿಯಲ್ಲಿ ಶೆಫೀಲ್ಡ್‌ನಲ್ಲಿ ಬೆಸ್‌ಳ ಹಿರಿಯ ಮಗ ಹೆನ್ರಿಗೆ ಅರ್ಲ್‌ನ ಮಗಳು ಗ್ರೇಸ್‌ಳನ್ನೂ, ಅರ್ಲ್‌ನ ಮಗ ಗಿಲ್ಬರ್ಟ್‌ಗೆ ಬೆಸ್‌ಳ ಮಗಳು ಮೇರಿಯನ್ನೂ ಮದುವೆ ಮಾಡಿದರು. ಮೇರಿಗೆ ಹನ್ನೆರಡು, ಗ್ರೇಸ್‌ಗೆ ಎಂಟು ವರ್ಷ. ಹಾರ್ಡ್‌ವಿಕ್ ಹಾಲ್‌ನಲ್ಲಿ ಇಂದಿಗೂ ಇರುವ ಎಗ್ಲಂಟೈನ್ ಮೇಜು ಈ ಮದುವೆಗಳ ನೆನಪಿಗೆ ಮಾಡಿಸಿದ್ದೆಂದು ಹೇಳುತ್ತಾರೆ. ಉದ್ದನೆಯ ಮೇಜಿನ ಹಲಗೆಯ ತುಂಬ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂಡಿಸಿ ವೀಣೆ, ಪಿಟೀಲು, ಕೊಳಲಿನಂಥ ವಾದ್ಯಗಳು, ಬಿಡಿಸಿಟ್ಟ ಸಂಗೀತದ ಹಾಳೆ, ಇಸ್ಪೀಟೆಲೆ, ಪಗಡೆಯ ಹಾಸುಗಳನ್ನು ಮೂಡಿಸಿದ್ದಾರೆ. ನಡುವೆ ಹಾರ್ಡ್‌ವಿಕ್ ಲಾಂಛನದ ಸಾರಂಗಗಳು, ಮನೆತನಗಳ ಗುರುತುಗಳು. ಕೆಲಸ ಅದ್ಭುತವಾದದ್ದು. ಆದರೆ ಹೆನ್ರಿ ಮತ್ತು ಗ್ರೇಸ್ ಜೀವನವಿಡೀ ಹೊಂದಿಕೊಳ್ಳಲಿಲ್ಲ, ಅವರಿಗೆ ಮಕ್ಕಳಾಗಲಿಲ್ಲ.

ಶ್ರೂಸ್‌ಬರಿ ದಾಂಪತ್ಯವನ್ನು ಕೆಡಿಸಿದ್ದು ರಾಣಿ ವಹಿಸಿದ ಒಂದು ಕೆಲಸ. 1569ರಿಂದ 1584ರವರೆಗೆ, ಹದಿನೈದು ವರ್ಷ, ಸ್ಕಾಟ್ಲೆಂಡಿನ ಪದಚ್ಯುತ ರಾಣಿ ಮೇರಿಯನ್ನು ಕಾವಲಿನಲ್ಲಿಡುವ ಹೊಣೆ ಅರ್ಲ್‌ನ ತಲೆಗೆ ಬಂತು. ಟಟ್‌ಬರಿ, ವಿಂಗ್‌ಫೀಲ್ಡ್, ಶೆಫೀಲ್ಡ್, ಚಾಟ್ಸ್‌ವರ್ತ್ ಎಂದು ಸೆರೆಯಾಳನ್ನೂ ಆಕೆಯ ಪರಿವಾರವನ್ನೂ ಹೊತ್ತು ತಿರುಗಬೇಕಾಯಿತು. ವಾರಕ್ಕೆ 52 ಪೌಂಡ್ ಇದ್ದ ಭತ್ಯೆ ಮುಂದೆ 30ಕ್ಕೆ ಇಳಿಯಿತು. ಉಳಿದ ಖರ್ಚೆಲ್ಲ ಮನೆಯದು. ಮೊದಮೊದಲು ಮೇರಿ ಮತ್ತು ಬೆಸ್ ಜೊತೆಗೆ ಕೂತು ಕಸೂತಿ ಹಾಕುತ್ತಿದ್ದರು. ಅವರ ಕೈಕೆಲಸದ ಪರದೆಗಳು ನಾರ್ಫೋಕ್‌ನ ಆಕ್ಸ್‌ಬರೋ ಹಾಲ್‌ನಲ್ಲಿವೆ. ವರ್ಷ ಕಳೆದಂತೆ ಗೆಳೆತನ ಸಂಶಯವಾಯಿತು. ರಾಣಿ ಎಲಿಜಬೆತ್‌ಳ ಸಂದೇಹ, ಸಂಧಿವಾತ, ಕೈಯಲ್ಲಿ ಕಾಸಿಲ್ಲದ ಸ್ಥಿತಿ ಮೂರೂ ಸೇರಿ ಅರ್ಲ್‌ನ ಮನಸ್ಸು ಕಹಿಯಾಯಿತು.

ಜಗಳಕ್ಕೆ ಕಾರಣವಾದದ್ದು 1572ರ ಒಂದು ದಾನಪತ್ರ. ಬೆಸ್‌ಳ ಮಕ್ಕಳಿಗೆ ಕೊಡುತ್ತೇನೆಂದಿದ್ದ ಹಣದ ಬದಲು ಅರ್ಲ್ ಆಕೆ ತಂದಿದ್ದ ಜಮೀನನ್ನು ವಿಲಿಯಂ ಮತ್ತು ಚಾರ್ಲ್ಸ್ ಹೆಸರಿಗೆ ಬಿಟ್ಟುಕೊಟ್ಟಿದ್ದ. ಹತ್ತು ವರ್ಷದ ಮೇಲೆ ಅದು ಮೋಸದ ಪತ್ರವೆಂದ. 1584ರಲ್ಲಿ ಆಳುಗಳನ್ನು ಕಟ್ಟಿಕೊಂಡು ಚಾಟ್ಸ್‌ವರ್ತ್‌ಗೆ ನುಗ್ಗಲು ಹೋದ. ಮಲಮಗ ವಿಲಿಯಂ ಆಯುಧ ಹಿಡಿದು ಬಾಗಿಲಲ್ಲಿ ತಡೆದ. ಇದೇ ಹೊತ್ತಿಗೆ ಅರ್ಲ್‌ಗೂ ಸ್ಕಾಟ್ ರಾಣಿಗೂ ಸಂಬಂಧವಿದೆಯೆಂಬ ಗಾಳಿಮಾತು ಹರಡಿ, ಬೆಸ್ ಮತ್ತು ಮಕ್ಕಳು ಅದು ಸುಳ್ಳೆಂದು ರಾಜ ಸಲಹಾಮಂಡಳಿಯ ಮುಂದೆ ಹೇಳಬೇಕಾಯಿತು. ವಿಚಾರಣೆಗಳಲ್ಲಿ ಜಮೀನಿನ ತೀರ್ಪು ಕ್ಯಾವೆಂಡಿಷ್ ಮಕ್ಕಳ ಪರವಾಯಿತು. ರಾಣಿಯೇ ಕೂಡಿಸಲು ನೋಡಿದರೂ ದಂಪತಿ ಮತ್ತೆ ಕೂಡಿ ಬಾಳಲಿಲ್ಲ. 1590ರಲ್ಲಿ ಅರ್ಲ್ ತೀರಿಕೊಂಡ.

ಬೆಸ್‌ಗೆ ಕೆಟ್ಟ ಹೆಸರು ಬಂದದ್ದು ಹೆಚ್ಚಾಗಿ ಈ ಜಗಳದಿಂದ. 1791ರಲ್ಲಿ ಎಡ್ಮಂಡ್ ಲಾಡ್ಜ್ ಪ್ರಕಟಿಸಿದ ಸಂಗ್ರಹದಲ್ಲಿ ಆಕೆಯನ್ನು ಕಲ್ಲೆದೆಯ ಸ್ವಾರ್ಥಿಯೆಂದು ಚಿತ್ರಿಸಲಾಯಿತು. ಮುಂದಿನವರು ಬಹುಕಾಲ ಅದನ್ನೇ ನಕಲು ಮಾಡಿದರು. ಲಾಡ್ಜ್ ಆಧರಿಸಿದ ಕಾಗದಗಳಲ್ಲಿ ಟಾಲ್ಬಟ್ ಮನೆತನದವು ಪ್ರಮುಖವಾದವು, ಎಂದರೆ ಸಿಟ್ಟಾದ ಗಂಡನ ಕಡತ. ಒಂದು ಪಕ್ಷದ ದೂರನ್ನೇ ತೀರ್ಪೆಂದು ಓದಿದ್ದು ವಿದ್ವತ್ತಿನ ದೋಷ. 1977ರಲ್ಲಿ ಡೇವಿಡ್ ಡ್ಯುರಾಂಟ್, 2005ರಲ್ಲಿ ಮೇರಿ ಲವೆಲ್ ಬರೆದ ಜೀವನಚರಿತ್ರೆಗಳು ಲೆಕ್ಕಪುಸ್ತಕ ಮತ್ತು ಪತ್ರಗಳನ್ನು ಮುಂದಿಟ್ಟು ಚಿತ್ರವನ್ನು ತಿದ್ದಿದವು. ಲವೆಲ್ ಪುಸ್ತಕದಲ್ಲಿ ಸಹಾನುಭೂತಿ ಹೆಚ್ಚು, ಆ ಧಾಟಿಯಲ್ಲಿ ಬೆಸ್‌ಳ ಕಾಠಿಣ್ಯ ಕೆಲವೆಡೆ ಮರೆಯಾಗುತ್ತದೆ.

ಆ ಕಾಠಿಣ್ಯ ಕಾಣುವುದು ಅರ್ಬೆಲ್ಲಾ ಸ್ಟುವರ್ಟ್ ವಿಷಯದಲ್ಲಿ. 1574ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ರಫರ್ಡ್‌ನಲ್ಲಿ ಬೆಸ್ ತನ್ನ ಮಗಳು ಎಲಿಜಬೆತ್‌ಳನ್ನು ಚಾರ್ಲ್ಸ್ ಸ್ಟುವರ್ಟ್ ಎಂಬವನಿಗೆ ರಾಣಿಯ ಅಪ್ಪಣೆಯಿಲ್ಲದೆ ಕೊಟ್ಟು ಮದುವೆ ಮಾಡಿದಳು. ವರನ ಮೈಯಲ್ಲಿ ಟ್ಯೂಡರ್ ರಕ್ತವಿತ್ತು, ಹುಟ್ಟುವ ಮಗು ಸಿಂಹಾಸನದ ಸಾಲಿನಲ್ಲಿ ನಿಲ್ಲುತ್ತಿತ್ತು. ಕ್ಯಾಥರೀನ್ ಗ್ರೇಯ ಪಾಡನ್ನು ಕಣ್ಣಾರೆ ಕಂಡು, ಅದಕ್ಕಾಗಿ ತಾನೇ ಸೆರೆಯನ್ನೂ ಅನುಭವಿಸಿದ್ದವಳು ಇಂಥ ಸಾಹಸಕ್ಕೆ ಇಳಿದದ್ದು ಮಹತ್ವಾಕಾಂಕ್ಷೆಯಿಂದಲ್ಲದೆ ಬೇರೆಯದರಿಂದಲ್ಲ. 1575ರಲ್ಲಿ ಅರ್ಬೆಲ್ಲಾ ಹುಟ್ಟಿದಳು. ಮರುವರ್ಷ ತಂದೆ, 1582ರಲ್ಲಿ ತಾಯಿ ಸತ್ತರು. ತಬ್ಬಲಿಯನ್ನು ಅಜ್ಜಿ ಸಾಕಿದಳು, ಒಳ್ಳೆಯ ವಿದ್ಯೆ ಕೊಡಿಸಿದಳು. ಆದರೆ ಮದುವೆ ಮಾಡಲಿಲ್ಲ, ಮಾಡಲು ರಾಣಿಯೂ ಬಿಡಲಿಲ್ಲ. ಹುಡುಗಿಯನ್ನು ಅಪಹರಿಸುವ ಸಂಚಿನ ಭಯವಿದ್ದ 1592ರಲ್ಲಿ ಬೆಸ್ ಮಂತ್ರಿ ಬರ್ಲಿಗೆ ಪತ್ರ ಬರೆದು ವರದಿ ಒಪ್ಪಿಸಿದಳು: ಹೊತ್ತು ಮೀರಿ ಹೊರಗೆ ಬಿಡುವುದಿಲ್ಲ, ಅಡ್ಡಾಡಿದರೆ ಮನೆಯ ಹತ್ತಿರವೇ, ಯಾರ ಮನೆಗೂ ಹೋಗುವುದಿಲ್ಲ, ರಾತ್ರಿ ಮಲಗುವುದು ನನ್ನ ಕೋಣೆಯಲ್ಲೇ. 1602ರ ಕೊನೆಗೆ, ಇಪ್ಪತ್ತೇಳು ವರ್ಷದ ಅರ್ಬೆಲ್ಲಾ ಆ ಮನೆಯಿಂದ ಪಾರಾಗಲು ತಾನೇ ಗುಟ್ಟಾಗಿ ವರ ಹುಡುಕಿಕೊಳ್ಳಲು ಹೋಗಿ ಸಿಕ್ಕಿಬಿದ್ದಳು. ಸೋದರಮಾವ ಹೆನ್ರಿ ಆಕೆಯ ಪರ ನಿಂತ. ಬೆಸ್ ಇಬ್ಬರನ್ನೂ ತನ್ನ ಮರಣಶಾಸನದಿಂದ ಹೊರಗಿಟ್ಟಳು.

ಹಾರ್ಡ್‌ವಿಕ್ ಮನೆಯನ್ನು ದಿವಾಳಿಯಾಗಿ ಸತ್ತ ಅಣ್ಣ ಜೇಮ್ಸ್‌ನ ಆಸ್ತಿಯಿಂದ ಬೆಸ್ 1583ರಲ್ಲಿ 9,500 ಪೌಂಡಿಗೆ ಕೊಂಡಿದ್ದಳು. ನಾಲ್ಕನೆಯ ಗಂಡ ಸತ್ತ ಮೇಲೆ ಅಲ್ಲಿ ರಾಬರ್ಟ್ ಸ್ಮಿತ್‌ಸನ್ ನಕ್ಷೆಯಂತೆ ಗಾಜಿನ ದೊಡ್ಡ ಕಿಟಕಿಗಳ ಹೊಸ ಮಹಲು ಎದ್ದಿತು. ಗೋಪುರಗಳ ನೆತ್ತಿಯ ಮೇಲೆ ಆಕೆಯ ಹೆಸರಿನ ಇ ಮತ್ತು ಎಸ್ ಅಕ್ಷರಗಳು ಕಲ್ಲಿನಲ್ಲಿ ನಿಂತಿವೆ. 1597ರಲ್ಲಿ ಆಕೆ ಅಲ್ಲಿ ಬೀಡುಬಿಟ್ಟಳು. ಅರ್ಬೆಲ್ಲಾ ಸೆರೆಯಲ್ಲಿದ್ದಂತೆ ಬಾಳಿದ್ದೂ ಆ ಮಹಲಿನಲ್ಲೇ.

ವಿಧವೆಯಾಗಿ ತನ್ನ ಹಕ್ಕಿನ ಪ್ರತಿ ಕಾಸನ್ನೂ ಕೇಳಿ ಪಡೆದದ್ದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಅದೇ ಕೆಲಸ ಮಾಡಿದ ಗಂಡಸರನ್ನು ಚರಿತ್ರೆ ಮನೆತನ ಕಟ್ಟಿದವರೆಂದು ಹೊಗಳಿದೆ. ಆದರೆ ಅನಾಥ ಮಕ್ಕಳ ಬಾಳನ್ನು ಆಸ್ತಿಯಂತೆ ಕಂಡ ಕಾನೂನಿನಿಂದ ನೊಂದವಳೇ ತನ್ನ ಅನಾಥ ಮೊಮ್ಮಗಳನ್ನು ಅದೇ ಕಣ್ಣಿನಿಂದ ಕಂಡದ್ದಕ್ಕೆ ಸಮರ್ಥನೆ ಸಿಗುವುದಿಲ್ಲ. ಬೆಸ್ 1608ರ ಫೆಬ್ರವರಿ 13ರಂದು ತೀರಿಕೊಂಡು ಡರ್ಬಿಯ ಆಲ್ ಸೇಂಟ್ಸ್ ಇಗರ್ಜಿಯಲ್ಲಿ, ತಾನು ಬದುಕಿದ್ದಾಗಲೇ ಕಟ್ಟಿಸಿಕೊಂಡ ಸಮಾಧಿಯಲ್ಲಿ ಮಣ್ಣಾದಳು. ಎರಡನೆಯ ಮಗ ವಿಲಿಯಂ 1618ರಲ್ಲಿ ಡೆವನ್‌ಶೈರ್‌ನ ಅರ್ಲ್ ಆದ, ಚಾಟ್ಸ್‌ವರ್ತ್ ಈಗಲೂ ಅವನ ವಂಶದವರ ಮನೆ. ಅರ್ಬೆಲ್ಲಾ 1610ರಲ್ಲಿ ಅರಸನ ಅಪ್ಪಣೆಯಿಲ್ಲದೆ ವಿಲಿಯಂ ಸೀಮೋರ್‌ನನ್ನು ಮದುವೆಯಾದಳು, ಗಂಡಸಿನ ವೇಷದಲ್ಲಿ ಓಡಿಹೋಗುತ್ತಿದ್ದಾಗ ಸಮುದ್ರದಲ್ಲಿ ಸಿಕ್ಕಿಬಿದ್ದಳು, 1615ರಲ್ಲಿ ಲಂಡನ್ ಟವರ್‌ನಲ್ಲಿ ಸತ್ತಳು.