ಒಬ್ಬನೇ ಆಡುವ ಲೀಗು

ಏಳನೇ ಕ್ಲಾಸಿನಲ್ಲಿ ನಮಗೆ ಸಮಾಜ ವಿಜ್ಞಾನದ ಪುಸ್ತಕದಿಂದ ಆದ ದೊಡ್ಡ ಉಪಯೋಗ ಅಂದ್ರೆ ಬುಕ್ ಕ್ರಿಕೆಟ್. ಕಣ್ಣು ಮುಚ್ಚಿ ಪುಸ್ತಕ ತೆಗೆಯೋದು, ಎಡಗಡೆ ಪುಟದ ಕೊನೆ ಅಂಕಿ ನೋಡೋದು. ಎರಡಾದ್ರೆ ಎರಡು ರನ್, ನಾಲ್ಕಾದ್ರೆ ಫೋರು, ಆರಾದ್ರೆ ಸಿಕ್ಸು. ಎಂಟು ಬಂದ್ರೆ ನಮ್ಮೂರಲ್ಲಿ ಒಂದು ರನ್ನು. ಸೊನ್ನೆ ಬಂದ್ರೆ ಔಟು. ಇದನ್ನ ಆಡದ ಹುಡುಗರು ಈ ರಾಜ್ಯದಲ್ಲಿ ಕಡಿಮೆ.

ನಾನು ಮತ್ತೆ ನನ್ನ ಚಿಕ್ಕಪ್ಪನ ಮಗ ಇಷ್ಟಕ್ಕೇ ನಿಲ್ಲಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದು ದೇಶವನ್ನೇ ಕಟ್ಟಿದ್ವಿ. ಅದಕ್ಕೆ ಎಂಟು ರಾಜ್ಯ, ರಾಜ್ಯಕ್ಕೊಂದು ತಂಡ, ರಣಜಿ ಥರ ಒಂದು ಲೀಗು, ಬೇಸಿಗೆ ರಜೆಯಲ್ಲಿ ಒಂದು ನಾಕೌಟ್ ಕಪ್ಪು. ರಾಜ್ಯಗಳ ಹೆಸರು ಕೆರೆ ಏರಿ, ಗಾಣದ ಹಟ್ಟಿ, ಮೇಲಿನ ತೋಟ ಹೀಗೆ. ನನ್ನ ತಂಡದ ಆರಂಭಿಕ ಆಟಗಾರನಿಗೆ ನಮ್ಮ ಎತ್ತಿನ ಹೆಸರು, ಬಸವ. ಅವನ ಸರಾಸರಿ ಎಷ್ಟು ಅಂತ ನಿದ್ದೆಯಲ್ಲಿ ಕೇಳಿದ್ರೂ ಹೇಳ್ತಿದ್ದೆ.

ಇದನ್ನೆಲ್ಲ ಮರೆತೇ ಬಿಟ್ಟಿದ್ದೆ. ನೆನಪಿಸಿದ್ದು ಅಮೆರಿಕದ ರಾಬರ್ಟ್ ಕೂವರ್ 1968ರಲ್ಲಿ ಬರೆದ ಒಂದು ಕಾದಂಬರಿ. ಅದರ ಹೆಸರು ಕಂಪನಿ ಬೋರ್ಡಿನಷ್ಟು ಉದ್ದ: ‘ದ ಯೂನಿವರ್ಸಲ್ ಬೇಸ್‌ಬಾಲ್ ಅಸೋಸಿಯೇಷನ್, ಇಂಕ್., ಜೆ. ಹೆನ್ರಿ ವಾ, ಪ್ರಾಪ್.’ ಕೊನೆಯ ‘ಪ್ರಾಪ್.’ ಅಂದ್ರೆ ಪ್ರೊಪ್ರೈಟರ್. ನಮ್ಮ ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿ ಬೋರ್ಡಿನಲ್ಲೂ ಇರುತ್ತಲ್ಲ, ಅದೇ.

ಹೆನ್ರಿ ಐವತ್ತಾರು ವಯಸ್ಸಿನ ಒಂಟಿ ಲೆಕ್ಕಿಗ. ಹಗಲಲ್ಲಿ ಆಫೀಸಿನ ಲೆಕ್ಕ ಬರೀತಾನೆ, ರಾತ್ರಿ ಅಡುಗೆಮನೆ ಮೇಜಿನ ಮೇಲೆ ಮೂರು ದಾಳ ಇಟ್ಕೊಂಡು ಎಂಟು ತಂಡಗಳ ಬೇಸ್‌ಬಾಲ್ ಲೀಗ್ ನಡೆಸ್ತಾನೆ. ಯಾವ ಅಂಕಿ ಬಿದ್ರೆ ಮೈದಾನದಲ್ಲಿ ಏನಾಗುತ್ತೆ ಅನ್ನೋದಕ್ಕೆ ಪಟ್ಟಿಗಳಿವೆ. ಲೀಗು ಶುರುವಾಗಿ ಐವತ್ತಾರು ಸೀಸನ್ ಆಗಿದೆ. ಆಟಗಾರರು ನಿವೃತ್ತರಾಗ್ತಾರೆ, ಮುದುಕರಾಗ್ತಾರೆ, ಸಾಯ್ತಾರೆ, ಅವರ ಮಕ್ಕಳು ಆಡೋಕೆ ಬರ್ತಾರೆ. ಲೀಗಿಗೊಬ್ಬ ಚಾನ್ಸೆಲರ್, ಅವನ ಚುನಾವಣೆ, ರಾಜಕೀಯ, ಹಾಡುಗಳು, ಇತಿಹಾಸ, ಎಲ್ಲ ಇದೆ. ಹೆನ್ರಿಗೆ ನಿಜವಾದ ಬೇಸ್‌ಬಾಲ್ ಮ್ಯಾಚು ನೋಡೋದು ಅಂದ್ರೆ ಬೇಜಾರು. ಅವನಿಗೆ ಹುಚ್ಚು ಇರೋದು ಅಂಕಿ ಅಂಶದ ಮೇಲೆ. ನಮ್ಮಲ್ಲೂ ಮ್ಯಾಚು ಬಿಟ್ಟು ಸ್ಕೋರ್‌ಕಾರ್ಡ್ ಓದಿ ಖುಷಿಪಡೋರು ಕಡಿಮೆ ಇಲ್ಲ.

ಇಂಥ ಹುಚ್ಚು ಕಾದಂಬರಿಕಾರನ ಕಲ್ಪನೆ ಮಾತ್ರ ಅಂದ್ಕೋಬೇಡಿ. ಜ್ಯಾಕ್ ಕೆರೊವ್ಯಾಕ್ ಹುಡುಗನಾಗಿದ್ದಾಗಲೇ ಇಂಥದೊಂದು ಬೇಸ್‌ಬಾಲ್ ಲೀಗ್ ಕಟ್ಟಿದ್ದ, ದೊಡ್ಡವನಾದ ಮೇಲೂ ಬಿಡಲಿಲ್ಲ. ತಂಡಗಳಿಗೆ ಕಾರುಗಳ ಹೆಸರು, ಸುದ್ದಿ ಬರೆಯೋಕೆ ತಾನೇ ಮಾಡಿದ ಪತ್ರಿಕೆ ಬೇರೆ.

ಕಥೆ ಶುರುವಾಗೋದು ಹೆನ್ರಿಯ ಜೀವನದ ಅತಿ ದೊಡ್ಡ ರಾತ್ರಿಯಿಂದ. ಪಯೋನಿಯರ್ಸ್ ತಂಡದ ಹೊಸ ಹುಡುಗ ಡೇಮನ್ ರುದರ್‌ಫರ್ಡ್ ಪರ್ಫೆಕ್ಟ್ ಗೇಮ್ ಎಸೀತಾನೆ. ಅಂದ್ರೆ ಎದುರಾಳಿಯ ಇಪ್ಪತ್ತೇಳು ಬ್ಯಾಟರ್‌ಗಳು ಬಂದು, ಒಬ್ಬನೂ ಮೊದಲ ಬೇಸ್ ಮುಟ್ಟದೆ ಹೋಗೋದು. ಹೆನ್ರಿಗೆ ಆ ಹುಡುಗ ಮಗನ ಹಾಗೆ ಆಗಿಬಿಡ್ತಾನೆ. ಆಮೇಲಿನ ಪಂದ್ಯದಲ್ಲಿ ಡೇಮನ್ ಬ್ಯಾಟ್ ಹಿಡಿದು ನಿಂತಾಗ ಮೂರೂ ದಾಳದಲ್ಲಿ ಒಂದೊಂದೇ ಬೀಳುತ್ತೆ. ಆ ಸಾಧ್ಯತೆ 216ಕ್ಕೆ 1. ಮೇಲಿಂದ ಮೇಲೆ ಹಾಗೇ ಬಿದ್ರೆ ಮಾತ್ರ ಹೆನ್ರಿಯ ‘ಅಸಾಧಾರಣ ಘಟನೆಗಳ ಪಟ್ಟಿ’ ತೆರೆಯುತ್ತೆ. ಮತ್ತೆ ಬೀಳುತ್ತೆ. ಪಟ್ಟಿ ಪ್ರಕಾರ ಚೆಂಡು ತಲೆಗೆ ಬಡಿದು ಬ್ಯಾಟರ್ ಸತ್ತ. ಎಸೆದವನು ಜಾಕ್ ಕೇಸಿ.

ಈ ಭಾಗ ಓದುವಾಗ ಮೆಟ್ರೋದಲ್ಲಿ ನನ್ನ ಸ್ಟೇಷನ್ ಬಿಟ್ಟು ಮುಂದೆ ಹೋಗಿಬಿಟ್ಟೆ. ಸತ್ತವನು ಒಂದು ಹೆಸರು ಅಷ್ಟೆ, ಹಾಳೆ ಮೇಲಿನ ಹೆಸರು. ಆದ್ರೂ ಕೂವರ್ ಅದನ್ನ ಎಂಥ ಸಾವು ಮಾಡ್ತಾನೆ ಅಂದ್ರೆ, ಹೆನ್ರಿ ಅಳೋದು ನೋಡಿ ನಗು ಬರಲ್ಲ. ಪುಸ್ತಕದ ಶಕ್ತಿ ಇರೋದೇ ಇಲ್ಲಿ. ನಿಯಮ ಬರೆದವನು ಹೆನ್ರಿ. ಆ ಸಾಲನ್ನ ಪಟ್ಟಿಗೆ ಸೇರಿಸಿದವನೂ ಅವನೇ. ಲೀಗು ನಿಜ ಅನ್ನಿಸಬೇಕಾದ್ರೆ ಸಾವೂ ಇರಬೇಕು ಅಂತ ಸೇರಿಸಿದ್ದ. ಈಗ ಅದನ್ನ ಅಳಿಸಿದ್ರೆ ಐವತ್ತಾರು ಸೀಸನ್ನೂ ಸುಳ್ಳಾಗುತ್ತೆ.

ಮುಂದಿನದು ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತಿರೋ ಪಾಪ. ಆಫೀಸಿನ ಕೆಲಸಕ್ಕೆ ಕುತ್ತು ಬರುತ್ತೆ. ಒಬ್ಬನೇ ಗೆಳೆಯ ಲೂನನ್ನ ಆಟಕ್ಕೆ ಕರೆದ್ರೆ, ಅವನಿಗೆ ಅದರ ಗಾಂಭೀರ್ಯ ತಿಳಿಯಲ್ಲ, ದಾಖಲೆಗಳ ಮೇಲೆ ಬಿಯರ್ ಚೆಲ್ಲಿ ಹೋಗ್ತಾನೆ. ಕೊನೆಗೆ ಒಂದು ರಾತ್ರಿ ಹೆನ್ರಿ ದಾಳ ಉರುಳಿಸೋದಿಲ್ಲ. ಕೈಯಲ್ಲಿ ಎತ್ತಿ, ಆರು ಆರು ಆರು ಅಂತ ಇಡ್ತಾನೆ. ಬ್ಯಾಟಿಗೆ ತಗುಲಿದ ಚೆಂಡು ನೇರ ಹೋಗಿ ಜಾಕ್ ಕೇಸಿಯನ್ನ ಕೊಲ್ಲುತ್ತೆ. ಪ್ರೊಡಕ್ಷನ್ ಡೇಟಾಬೇಸಿನಲ್ಲಿ ನಡುರಾತ್ರಿ ಕೈಯಿಂದ ಅಪ್‌ಡೇಟ್ ಹೊಡೆದ ಹಾಗೆ. ಲಾಗ್ ಇಲ್ಲ, ಕೇಳೋರಿಲ್ಲ, ರೋಲ್‌ಬ್ಯಾಕ್ ಇಲ್ಲ.

ಜೆ. ಹೆನ್ರಿ ವಾ ಅನ್ನೋ ಹೆಸರಲ್ಲಿ ಯೆಹೋವ ಅನ್ನೋದು ಅಡಗಿದೆ, ಇದು ದೇವರು ಮತ್ತು ಸೃಷ್ಟಿಯ ರೂಪಕ ಅಂತ ವಿಮರ್ಶಕರು ಬರೆದಿದ್ದಾರೆ. ನಿಜವೇ ಇರಬಹುದು. ಆದ್ರೆ ಕಾದಂಬರಿಯನ್ನ ಆ ಒಂದೇ ಕೀಲಿಯಿಂದ ತೆಗೆದ್ರೆ ಅದು ಒಗಟು ಬಿಡಿಸೋ ಆಟವಾಗಿ ಸಣ್ಣದಾಗುತ್ತೆ. ನನ್ನನ್ನ ಕಾಡಿದ ಪ್ರಶ್ನೆ ಬೇರೆ: ಹೆನ್ರಿ ಯಾಕೆ ಕೇಸಿಯನ್ನ ಕ್ಷಮಿಸೋಕೆ ಆಗಲಿಲ್ಲ? ಕೇಸಿಯ ತಪ್ಪೇನೂ ಇರಲಿಲ್ಲವಲ್ಲ, ಬಿದ್ದಿದ್ದು ದಾಳ.

ಇದಕ್ಕೆ ಉತ್ತರ ಸಿಕ್ಕಿದ್ದು ಪುಸ್ತಕದ ಹೊರಗೆ. 2014ರ ನವೆಂಬರ್ 25, ಸಿಡ್ನಿ. ಆಸ್ಟ್ರೇಲಿಯಾದ ದೇಶೀ ಟೂರ್ನಿ ಶೆಫೀಲ್ಡ್ ಶೀಲ್ಡ್ ಪಂದ್ಯ. 63 ರನ್ ಮಾಡಿ ಆಡ್ತಿದ್ದ ಫಿಲಿಪ್ ಹ್ಯೂಸ್‌ಗೆ ಶಾನ್ ಅಬಾಟ್ ಹಾಕಿದ ಬೌನ್ಸರ್ ಕತ್ತಿಗೆ ಬಡೀತು. ಎರಡು ದಿನ ಕಳೆದು ಹ್ಯೂಸ್ ತೀರಿಕೊಂಡ. ಕೂವರ್ ಕಥೆಯ ದಾಳವೇ ಬಿದ್ದ ಹಾಗೆ. ಆಗ ಎರಡು ಸಂಗತಿ ನಡೆದ್ವು. ಸ್ಕೋರ್‌ಕಾರ್ಡಿನಲ್ಲಿದ್ದ ‘63 ಗಾಯಗೊಂಡು ನಿವೃತ್ತಿ’ ಅನ್ನೋದನ್ನ ಕ್ರಿಕೆಟ್ ಆಸ್ಟ್ರೇಲಿಯಾ ‘63 ನಾಟ್ ಔಟ್’ ಅಂತ ತಿದ್ದಿತು. ಅಂದ್ರೆ ಅವರೂ ದಾಖಲೆಗೆ ಕೈ ಹಾಕಿದ್ರು, ಪ್ರೀತಿಯಿಂದ, ಎಲ್ಲರ ಕಣ್ಣೆದುರು. ಎರಡನೇದು, ಅಬಾಟ್‌ನನ್ನ ಯಾರೂ ಕೊಲೆಗಾರ ಅನ್ನಲಿಲ್ಲ. ಜೊತೆಗಾರರು ಅವನನ್ನ ಹಿಡಿದುಕೊಂಡರು. ಡಿಸೆಂಬರಿನಲ್ಲಿ ಅದೇ ಮೈದಾನದಲ್ಲಿ ಅವನು ಕ್ವೀನ್ಸ್‌ಲ್ಯಾಂಡ್ ಮೇಲೆ 14 ರನ್ನಿಗೆ 6 ವಿಕೆಟ್ ತೆಗೆದ.

ಅಲ್ಲಿ ಜನ ಇದ್ದರು, ಇಲ್ಲಿ ಹೆನ್ರಿ ಒಬ್ಬನೇ. ವ್ಯತ್ಯಾಸ ಇಷ್ಟೇ ಅಂತ ನನಗನ್ಸುತ್ತೆ. ಅವನ ಲೀಗಿನಲ್ಲಿ ಆಟಗಾರ, ಅಂಪೈರ್, ಪತ್ರಕರ್ತ, ಪ್ರೇಕ್ಷಕ ಎಲ್ಲರೂ ಅವನೇ. ‘ಬಿಡಪ್ಪಾ, ಅವನೇನ್ ಬೇಕು ಅಂತ ಮಾಡಿದ್ನಾ’ ಅನ್ನೋಕೆ ಇನ್ನೊಬ್ಬ ಇಲ್ಲ.

ಪುಸ್ತಕದಲ್ಲಿ ಕೊರತೆಗಳೂ ಇವೆ. ಹೆಟ್ಟಿ ಅನ್ನೋ ಹೆಂಗಸು ಬರೋದು ಹೆನ್ರಿಯ ಹಾಸಿಗೆಗೆ ಮಾತ್ರ, ಅವಳಿಗೊಂದು ಮನಸ್ಸಿದೆ ಅನ್ನೋದನ್ನ ಕೂವರ್ ಮರೆತ ಹಾಗಿದೆ. ಕುಡುಕ ಆಟಗಾರರ ಹಾಡುಗಳು ಪುಟಗಟ್ಟಲೆ ಹೋಗ್ತವೆ, ಅಲ್ಲಲ್ಲಿ ಹಾರಿಸಿದ್ದು ನಿಜ. ಬೇಸ್‌ಬಾಲ್ ಗೊತ್ತಿಲ್ಲದಿದ್ರೆ ಮೊದಲ ಮೂವತ್ತು ಪುಟ ಕಷ್ಟ. ಆದ್ರೆ ಕೊನೆಯ ಅಧ್ಯಾಯಕ್ಕಾಗಿ ಇದನ್ನೆಲ್ಲ ಸಹಿಸಬಹುದು. ಅಲ್ಲಿ ಲೀಗಿನ 157ನೇ ಸೀಸನ್. ಹೆನ್ರಿಯ ಸುಳಿವೇ ಇಲ್ಲ. ಡೇಮನ್‌ನ ಸಾವು ಈಗೊಂದು ವಾರ್ಷಿಕ ಆಚರಣೆ. ನಮ್ಮೂರ ಜಾತ್ರೆಯಲ್ಲಿ ವೇಷ ಕಟ್ಟುವ ಹಾಗೆ ಹೊಸ ಹುಡುಗರು ಆ ಪಾತ್ರಗಳನ್ನ ಕಟ್ತಾರೆ, ಅದು ನಿಜಕ್ಕೂ ನಡೆದಿತ್ತಾ ಅಂತ ಜಗಳ ಆಡ್ತಾರೆ. ಪ್ರೊಪ್ರೈಟರ್ ಹೋದ, ಅಂಗಡಿ ನಡೀತಾ ಇದೆ. ಕೂವರ್ ಯಾವ ವಿವರಣೆಯನ್ನೂ ಕೊಡಲ್ಲ. ಇದೇ ಲೇಖಕ ಮುಂದೆ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಹೈಪರ್‌ಟೆಕ್ಸ್ಟ್ ಕಥೆ ಬರೆಯೋದು ಕಲಿಸಿದ ಅಂದ್ರೆ ಆಶ್ಚರ್ಯ ಆಗಲ್ಲ.

ಪುಸ್ತಕ ಮುಗಿಸಿದ ಮೇಲೆ ನನ್ನದೊಂದು ಹಳೇ ಲೆಕ್ಕ ನೆನಪಾಯ್ತು. ನಮ್ಮ ಬೇಸಿಗೆ ಕಪ್ಪಿನ ಫೈನಲ್ಲು, ಬಸವ 98 ರನ್. ನಾನು ಪುಸ್ತಕ ತೆಗೆದೆ, ಪುಟ 40. ಕೈ ತಾನಾಗೇ ಒಂದು ಹಾಳೆ ತಿರುವಿಬಿಡ್ತು, 42. ಎದುರಿಗೆ ಕೂತಿದ್ದ ತಮ್ಮ ನೋಡಿದ. ನನಗೂ ಗೊತ್ತು ಅವನು ನೋಡಿದ ಅಂತ. ಒಂದು ಮಾತೂ ಆಡದೆ, ಪೆನ್ಸಿಲ್ ತಗೊಂಡು, ಅವನ ಕೈಯಿಂದಲೇ ನೂರು ಅಂತ ಬರೆದ. ಸೋತಿದ್ದು ಅವನ ತಂಡ.

ಹೋದ ತಿಂಗಳು ಊರಿಗೆ ಹೋದಾಗ, ತೋಟದಲ್ಲಿ ಎಳನೀರು ಕೊಚ್ಚಿ ಕೊಡ್ತಿದ್ದ ಅವನ ಹತ್ರ ಈ ಕಾದಂಬರಿ ಕಥೆ ಹೇಳ್ದೆ. ಪೂರ್ತಿ ಕೇಳಿಸ್ಕೊಂಡು ಅಂದ:

“ಅಣ್ಣ, ಬಸವ 98ಕ್ಕೆ ಔಟ್ ಆಗಿದ್ದ ಅಲ್ವಾ?”

“ಹೂಂ ಕಣೋ,” ಅಂದೆ.

“ಇರ್ಲಿ ಬಿಡು. ಕುಡಿ.”